ಎಂಟು ಮೈಕು, ಒಂದು ಪೆಟ್ಟಿಗೆ: ಮನೆ ಸ್ಟುಡಿಯೋದ ಪ್ರಿಆಂಪ್ ಪರೀಕ್ಷೆ ಮತ್ತು ದೋಷಶೋಧನೆ

ಗಾಯಕರಿಗೊಂದು, ಪಿಟೀಲಿಗೊಂದು, ಮೃದಂಗದ ಎರಡು ಮುಖಗಳಿಗೆ ಎರಡು, ಘಟಕ್ಕೊಂದು, ತಂಬೂರಿಗೊಂದು. ಒಂದು ಸಾಧಾರಣ ಕಛೇರಿಯನ್ನು ಮನೆಯಲ್ಲಿ ಧ್ವನಿಮುದ್ರಿಸ ಹೊರಟರೂ ಮೈಕುಗಳ ಲೆಕ್ಕ ಆರಕ್ಕೆ ಬಂದು ನಿಲ್ಲುತ್ತದೆ. ಕೊಠಡಿಯ ಒಟ್ಟು ನಾದವನ್ನು ಹಿಡಿಯಲು ಇನ್ನೆರಡು ಸೇರಿಸಿದರೆ ಎಂಟು. ಗಣಕಕ್ಕೆ ಜೋಡಿಸುವ ಸಣ್ಣ ಆಡಿಯೋ ಇಂಟರ್‌ಫೇಸ್‌ಗಳಲ್ಲಿ ಮೈಕಿನ ಕಿಂಡಿಗಳು ಎರಡೋ ನಾಲ್ಕೋ ಇರುತ್ತವೆ. ಆದ್ದರಿಂದಲೇ ಹವ್ಯಾಸಿ ಧ್ವನಿಮುದ್ರಕರು ಎಂಟು ಚಾನೆಲ್‌ಗಳ ಮೈಕ್ ಪ್ರಿಆಂಪ್‌ನ ಮೊರೆಹೋಗುತ್ತಾರೆ. ಬೆಹ್ರಿಂಗರ್ ಎಡಿಎ8000, ಫೋಕಸ್‌ರೈಟ್ ಆಕ್ಟೋಪ್ರಿ, ಪ್ರಿಸೋನಸ್ ಡಿಜಿಮ್ಯಾಕ್ಸ್ ಮೊದಲಾದವು ಈ ಜಾತಿಯ ಪರಿಚಿತ ಹೆಸರುಗಳು. ಹೊಸದಾಗಿ ಕೊಂಡವರಷ್ಟೇ ಜನ ಇವನ್ನು ಹಳೆಯದಾಗಿ, ಕೈಬದಲಾದ ಸರಕಾಗಿ ಕೊಳ್ಳುವವರೂ ಇದ್ದಾರೆ.

ತೊಂದರೆ ಇರುವುದು ಇಲ್ಲೇ. ಎಂಟರಲ್ಲಿ ಒಂದು ಚಾನೆಲ್ ಕೈಕೊಟ್ಟರೆ ಅದು ಗೊತ್ತಾಗುವುದು ಸಾಮಾನ್ಯವಾಗಿ ಹಾಡು ಮುಗಿದ ಮೇಲೆ. ಎಪ್ಪತ್ತು ದಾಟಿದ ವಿದ್ವಾಂಸರು ಎರಡು ಗಂಟೆ ಹಾಡಿ ಎದ್ದುಹೋದ ಬಳಿಕ ತನಿ ಆವರ್ತನದ ಉದ್ದಕ್ಕೂ ಚರಚರ ಸದ್ದು ಸೇರಿಕೊಂಡಿದೆ ಎಂದು ತಿಳಿದರೆ ಮಾಡುವುದೇನು? ಮತ್ತೆ ಹಾಡಿ ಎನ್ನಬಹುದು, ಆದರೆ ಅದು ಬೇರೆಯೇ ಹಾಡು. ಮುದ್ರಣಕ್ಕೆ ಮುನ್ನ ಪೆಟ್ಟಿಗೆಯನ್ನು ಕ್ರಮಬದ್ಧವಾಗಿ ಪರೀಕ್ಷಿಸುವುದಕ್ಕೆ ಬೇಕಾದದ್ದು ಒಂದು ಸಂಜೆ ಮತ್ತು ಕೆಲವೇ ನೂರು ರೂಪಾಯಿಗಳ ಬಿಡಿಭಾಗಗಳು.

ಪೆಟ್ಟಿಗೆಯೊಳಗೆ ಏನು ನಡೆಯುತ್ತದೆ?

ಮೈಕ್ರೋಫೋನು ಹುಟ್ಟಿಸುವ ವಿದ್ಯುತ್ ಅತ್ಯಲ್ಪ. ವೇದಿಕೆಗಳಲ್ಲಿ ಎಲ್ಲೆಡೆ ಕಾಣುವ ಶೂರ್ ಎಸ್‌ಎಂ58 ಮೈಕು 94 ಡೆಸಿಬೆಲ್ ಮಟ್ಟದ ಧ್ವನಿಗೆ, ಅಂದರೆ ಸಾಕಷ್ಟು ಜೋರಾದ ಕಂಠಕ್ಕೆ, ಸುಮಾರು 1.85 ಮಿಲಿವೋಲ್ಟ್ ಕೊಡುತ್ತದೆ. ತಂಬೂರಿಯಂಥ ಮೆಲುದನಿಯ ವಾದ್ಯಕ್ಕೆ ಅದು ಇನ್ನೂ ಹತ್ತಾರು ಪಟ್ಟು ಕುಗ್ಗುತ್ತದೆ. ಇದನ್ನು ಒಂದು ವೋಲ್ಟಿನ ಆಸುಪಾಸಿಗೆ ಏರಿಸುವುದು ಪ್ರಿಆಂಪ್‌ನ ಕೆಲಸ. 60 ಡೆಸಿಬೆಲ್ ಗೇನ್ ಎಂದರೆ ಸಾವಿರ ಪಟ್ಟು ವರ್ಧನೆ. ಹಾಡಿನ ಜೊತೆಗೆ ದಾರಿಯಲ್ಲಿ ಸಿಕ್ಕ ಕಸವೂ ಸಾವಿರ ಪಟ್ಟಾಗುತ್ತದೆ ಎಂಬುದನ್ನು ನೆನಪಿಟ್ಟರೆ ಮುಂದಿನ ಮಾತುಗಳೆಲ್ಲ ಸುಲಭವಾಗಿ ಅರ್ಥವಾಗುತ್ತವೆ.

ಸಂಕೇತದ ದಾರಿ ಹೀಗೆ ಸಾಗುತ್ತದೆ: ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಕಿಂಡಿ, ಅಲ್ಲಿ ಮೈಕಿಗೆ ಉಣಿಸುವ 48 ವೋಲ್ಟಿನ ಫ್ಯಾಂಟಮ್ ವಿದ್ಯುತ್ತು, ಆ ಏಕಮುಖ ವಿದ್ಯುತ್ತು ಒಳನುಗ್ಗದಂತೆ ತಡೆಯುವ ಕೆಪಾಸಿಟರುಗಳು, ವರ್ಧಕ, ಗೇನ್ ತಿರುಪು, ಅನಲಾಗ್ ಸಂಕೇತವನ್ನು ಅಂಕಿಗಳಾಗಿಸುವ ಪರಿವರ್ತಕ, ಕೊನೆಗೆ ಎಂಟೂ ಚಾನೆಲ್‌ಗಳನ್ನು ಒಂದೇ ಎಳೆಯಲ್ಲಿ ಗಣಕಕ್ಕೆ ಒಯ್ಯುವ ಬೆಳಕಿನ ತಂತು. ಈ ಕೊನೆಯ ಕೊಂಡಿಗೆ ಎಡ್ಯಾಟ್ ಎಂಬ ಹೆಸರು ಅಂಟಿದ್ದಕ್ಕೆ ಒಂದು ಕಥೆ ಇದೆ. ಅಮೆರಿಕದ ಅಲೆಸಿಸ್ ಕಂಪನಿ 1991ರಲ್ಲಿ ಪ್ರದರ್ಶಿಸಿದ ಎಡ್ಯಾಟ್ ಯಂತ್ರವು ವಿಡಿಯೋ ಕ್ಯಾಸೆಟ್ಟಿನ ಮೇಲೆ ಎಂಟು ಚಾನೆಲ್‌ಗಳನ್ನು ಮುದ್ರಿಸುತ್ತಿತ್ತು. ಕ್ಯಾಸೆಟ್ಟು ಮೂಲೆ ಸೇರಿತು, ಆದರೆ ಯಂತ್ರದ ಬೆನ್ನಿಗಿದ್ದ ಬೆಳಕಿನ ಕಿಂಡಿ ಉಳಿದುಕೊಂಡಿತು.

ಮೊದಲ ಅಸ್ತ್ರ: ಅದಲು ಬದಲು

ಯಾವ ಮೀಟರನ್ನೂ ಮುಟ್ಟುವ ಮೊದಲು ಮಾಡಬೇಕಾದ ಪರೀಕ್ಷೆ ಒಂದಿದೆ. ಮೂರನೆಯ ಚಾನೆಲ್ಲಿನಲ್ಲಿ ಚರಚರ ಸದ್ದು ಬರುತ್ತಿದೆ ಎನ್ನೋಣ. ಆ ಕೇಬಲನ್ನು ಕಿತ್ತು ನಾಲ್ಕನೆಯದಕ್ಕೆ ಸಿಕ್ಕಿಸಬೇಕು, ನಾಲ್ಕರದನ್ನು ಮೂರಕ್ಕೆ. ಸದ್ದು ಕೇಬಲಿನ ಹಿಂದೆ ಹೋಯಿತೆಂದರೆ ತಪ್ಪು ಕೇಬಲಿನದೋ ಮೈಕಿನದೋ; ಮೂರರಲ್ಲೇ ಉಳಿಯಿತೆಂದರೆ ಪ್ರಿಆಂಪ್‌ನದು ಅಥವಾ ಅದಕ್ಕೂ ಮುಂದಿನದು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕೆಂಬುದು ಇಲ್ಲಿನ ಕಟ್ಟುನಿಟ್ಟು. ಅವಸರದಲ್ಲಿ ಮೈಕು, ಕೇಬಲು, ಚಾನೆಲ್ಲು ಮೂರನ್ನೂ ಬದಲಿಸಿ, ಸದ್ದು ನಿಂತಿತೆಂದು ಖುಷಿಪಟ್ಟವರು ಕೆಟ್ಟ ಕೇಬಲನ್ನು ಸುರುಳಿ ಸುತ್ತಿ ಮತ್ತೆ ಅದೇ ಚೀಲಕ್ಕೆ ಹಾಕುತ್ತಾರೆ.

ದೋಷ ಎಷ್ಟು ಚಾನೆಲ್‌ಗಳಲ್ಲಿದೆ ಎಂಬುದೇ ಅರ್ಧ ಉತ್ತರ ಹೇಳುತ್ತದೆ. ಒಂದೇ ಚಾನೆಲ್ಲಿನಲ್ಲಿದ್ದರೆ ಅದರ ಸ್ವಂತ ಭಾಗಗಳನ್ನು ಶಂಕಿಸಬೇಕು. ಎಂಟರಲ್ಲೂ ಇದ್ದರೆ ಎಲ್ಲರಿಗೂ ಸಾಮಾನ್ಯವಾದದ್ದನ್ನು, ಅಂದರೆ ಪವರ್ ಸಪ್ಲೈ, ಕ್ಲಾಕ್, ಬೆಳಕಿನ ತಂತು ಇವನ್ನು. 1-2 ಅಥವಾ 5-6 ಹೀಗೆ ಜೋಡಿಯಾಗಿ ಸತ್ತಿದ್ದರೆ ಅನುಮಾನ ಪರಿವರ್ತಕ ಚಿಪ್ಪಿನ ಮೇಲೆ, ಏಕೆಂದರೆ ಈ ದರ್ಜೆಯ ಅನೇಕ ಯಂತ್ರಗಳಲ್ಲಿ ಒಂದು ಚಿಪ್ಪು ಎರಡು ಚಾನೆಲ್‌ಗಳನ್ನು ನೋಡಿಕೊಳ್ಳುತ್ತದೆ. ಐದರಿಂದ ಎಂಟರವರೆಗೆ ನಾಲ್ಕೂ ಒಟ್ಟಿಗೆ ಮಾಯವಾಗಿದ್ದರೆ ಗಾಬರಿಗೆ ಮುನ್ನ ಸ್ಯಾಂಪಲ್ ದರ ನೋಡುವುದು ಒಳಿತು. ಒಂದು ಎಡ್ಯಾಟ್ ತಂತು 48 ಕಿಲೋಹರ್ಟ್ಸ್ ದರದಲ್ಲಿ ಎಂಟು ಚಾನೆಲ್ ಒಯ್ಯುತ್ತದೆ. 96ಕ್ಕೆ ಏರಿಸಿದರೆ ನಾಲ್ಕನ್ನು ಮಾತ್ರ. ಅದು ದೋಷವಲ್ಲ, ಸ್ವಭಾವ.

ಕೇಬಲಿನ ನಾಡಿ

ಪ್ರಿಆಂಪ್ ಕೆಟ್ಟಿದೆ ಎಂದು ದುರಸ್ತಿಗೆ ಒಯ್ಯುವ ಮುನ್ನ ಕೇಬಲಿನ ನಾಡಿ ಹಿಡಿಯುವುದು ಲಾಭಕರ. ಎಕ್ಸ್‌ಎಲ್‌ಆರ್‌ನಲ್ಲಿ 1ನೇ ಪಿನ್ನು ಕವಚದ್ದು, 2 ಮತ್ತು 3 ಸಂಕೇತದವು. ಮಲ್ಟಿಮೀಟರನ್ನು ಬೀಪ್ ಸದ್ದಿನ ಸ್ಥಾನಕ್ಕಿಟ್ಟು 1ರಿಂದ 1ಕ್ಕೆ, 2ರಿಂದ 2ಕ್ಕೆ, 3ರಿಂದ 3ಕ್ಕೆ ಸಂಪರ್ಕವಿದೆಯೇ, ಒಂದಕ್ಕೊಂದು ತಗಲಿಕೊಂಡಿಲ್ಲವೇ ಎಂದು ನೋಡಬೇಕು. ನೋಡುವಾಗ ಪ್ಲಗ್ಗಿನ ಬುಡದಲ್ಲಿ ಕೇಬಲನ್ನು ಅತ್ತಿತ್ತ ಬಗ್ಗಿಸಬೇಕು. ಮೇಜಿನ ಮೇಲೆ ನೆಟ್ಟಗೆ ಮಲಗಿರುವಾಗ ಸರಿಯಾಗಿದ್ದು, ಸ್ಟ್ಯಾಂಡಿಗೆ ಸುತ್ತಿದೊಡನೆ ಕೈಕೊಡುವ ಕೇಬಲುಗಳೇ ಹೆಚ್ಚು.

ಯಾವ ತಂತಿ ಹರಿದಿದೆ ಎಂಬುದನ್ನು ಕಿವಿಯೂ ಹೇಳಬಲ್ಲದು. 1ನೆಯದು ತುಂಡಾಗಿದ್ದರೆ ಫ್ಯಾಂಟಮ್ ವಿದ್ಯುತ್ತಿನ ಮರುದಾರಿ ಮುಚ್ಚಿಹೋಗಿ ಕಂಡೆನ್ಸರ್ ಮೈಕು ಮೂಕವಾಗುತ್ತದೆ. ಡೈನಾಮಿಕ್ ಮೈಕು ಮಾತನಾಡುತ್ತದೆ, ಜೊತೆಗೆ ಗುಂಯ್‌ಗುಡುತ್ತದೆ. 2 ಅಥವಾ 3 ಹರಿದಿದ್ದರೆ ಧ್ವನಿ ಕುಗ್ಗಿ, ತೆಳ್ಳಗೆ, ತಗಡಿನ ಡಬ್ಬದೊಳಗಿಂದ ಬಂದಂತಿರುತ್ತದೆ. 2 ಮತ್ತು 3 ಒಂದು ತುದಿಯಲ್ಲಿ ಅದಲುಬದಲಾಗಿದ್ದರೆ ಒಂಟಿಯಾಗಿ ಕೇಳುವಾಗ ಏನೂ ಗೊತ್ತಾಗದು. ಮೃದಂಗಕ್ಕೆ ಇಟ್ಟ ಎರಡು ಮೈಕುಗಳನ್ನು ಕೂಡಿಸಿದಾಗ ಮಾತ್ರ ತೊಪ್ಪಿಯ ಗುಂಕಾರ ಎಲ್ಲೋ ಕರಗಿಹೋಗುತ್ತದೆ. ಎರಡು ಮೈಕುಗಳನ್ನು ಪಕ್ಕಪಕ್ಕದಲ್ಲಿಟ್ಟು ಚಪ್ಪಾಳೆ ತಟ್ಟಿ ಮುದ್ರಿಸಿ, ಪರದೆಯ ಮೇಲೆ ಅಲೆಯ ಮೊದಲ ಉಬ್ಬು ಎರಡರಲ್ಲೂ ಒಂದೇ ದಿಕ್ಕಿಗಿದೆಯೇ ಎಂದು ನೋಡಿದರೆ ಈ ಗುಟ್ಟು ಬಯಲು.

48 ವೋಲ್ಟಿನ ಭೂತ

ಫ್ಯಾಂಟಮ್ ಎಂದರೆ ಭೂತ. ಸಂಕೇತದ ತಂತಿಗಳಲ್ಲೇ ಕಾಣದಂತೆ ಕುಳಿತು ಮೈಕಿಗೆ ವಿದ್ಯುತ್ ಒಯ್ಯುವುದರಿಂದ ಈ ಹೆಸರು. ಜರ್ಮನಿಯ ನಾಯ್ಮನ್ ಕಂಪನಿ 1966ರಲ್ಲಿ ನಾರ್ವೆಯ ಪ್ರಸಾರ ಸಂಸ್ಥೆಗಾಗಿ ಕೆಎಂ84 ಮೈಕನ್ನು ರೂಪಿಸಿದಾಗ, ಅಲ್ಲಿನ ಸ್ಟುಡಿಯೋಗಳಲ್ಲಿ ತುರ್ತು ದೀಪಗಳಿಗೆಂದು 48 ವೋಲ್ಟ್ ಆಗಲೇ ಲಭ್ಯವಿತ್ತು. ಅದೇ ಅಂಕಿ ಜಗತ್ತಿನ ರೂಢಿಯಾಗಿ ನಿಂತಿತು.

ಇಂದಿನ ಮಾನದಂಡದ ಪ್ರಕಾರ ಈ ವೋಲ್ಟೇಜು 44ರಿಂದ 52ರೊಳಗೆ ಇರಬೇಕು. 2 ಮತ್ತು 3ನೇ ಪಿನ್ನುಗಳಿಗೆ ತಲಾ 6.8 ಕಿಲೋ ಓಮಿನ ರೆಸಿಸ್ಟರುಗಳ ಮೂಲಕ ಸಮಸಮವಾಗಿ ಹಂಚಿಹೋಗಬೇಕು. ಒಂದು ಮೈಕು 10 ಮಿಲಿಆಂಪಿಯರ್‌ವರೆಗೆ ಎಳೆಯಬಹುದು. ಅಳೆಯುವುದು ಸುಲಭ. ಕಿಂಡಿಯಲ್ಲಿ ಏನೂ ಸಿಕ್ಕಿಸದೆ, ಮೀಟರಿನ ಒಂದು ಕಡ್ಡಿಯನ್ನು 1ಕ್ಕೂ ಇನ್ನೊಂದನ್ನು 2ಕ್ಕೂ, ಬಳಿಕ 3ಕ್ಕೂ ಮುಟ್ಟಿಸಬೇಕು. ಎರಡೂ ಓದುಗಳು ಹೆಚ್ಚು ಕಡಿಮೆ ಒಂದೇ ಆಗಿರಬೇಕು. ಒಂದು ಪಿನ್ನಿನಲ್ಲಿ 48 ಇದ್ದು ಇನ್ನೊಂದರಲ್ಲಿ 30 ಇದ್ದರೆ ಅಲ್ಲಿನ ರೆಸಿಸ್ಟರೋ ಕೆಪಾಸಿಟರೋ ಹಾಳಾಗಿದೆ ಎಂದೇ ಅರ್ಥ.

ಆದರೆ ಮೈಕು ಸಿಕ್ಕಿಸಿದ ಮೇಲೆ ಅಳೆದು ಹೌಹಾರುವವರೂ ಉಂಟು. 5 ಮಿಲಿಆಂಪಿಯರ್ ಎಳೆಯುವ ಮೈಕಿನ ತುದಿಯಲ್ಲಿ ಸುಮಾರು 31 ವೋಲ್ಟ್ ಮಾತ್ರ ಕಾಣುತ್ತದೆ. ಎರಡು ರೆಸಿಸ್ಟರುಗಳೂ ಸೇರಿ 3.4 ಕಿಲೋ ಓಮ್, ಅದರಲ್ಲಿ 5 ಮಿಲಿಆಂಪಿಯರಿಗೆ 17 ವೋಲ್ಟ್ ಖರ್ಚು. 48ರಲ್ಲಿ 17 ಕಳೆದರೆ 31. ಲೆಕ್ಕ ಸರಿಯಾಗಿಯೇ ಇದೆ, ಮೈಕು ಇದಕ್ಕೆಂದೇ ತಯಾರಾಗಿದೆ.

ನಿಜವಾದ ಪರೀಕ್ಷೆ ಎಂಟೂ ಮೈಕುಗಳನ್ನು ಒಟ್ಟಿಗೆ ಸಿಕ್ಕಿಸಿದಾಗಿನದು. ಒಂದೇ ಮೈಕಿಗೆ ಪುಷ್ಕಳವಾಗಿ ಉಣಿಸುವ ಪವರ್ ಸಪ್ಲೈ ಎಂಟಕ್ಕೆ ಏದುಸಿರು ಬಿಡಬಹುದು. ಏಳು ಮೈಕು ಸಿಕ್ಕಿಸಿ ಎಂಟನೆಯ ಖಾಲಿ ಕಿಂಡಿಯಲ್ಲಿ ಅಳೆದರೆ ಸಾಕು. ಅಲ್ಲಿ 44ಕ್ಕಿಂತ ಕೆಳಗಿಳಿದಿದ್ದರೆ, ಒಂಟಿ ಮೈಕಿನ ತಾಲೀಮಿನಲ್ಲಿ ಶುದ್ಧವಾಗಿದ್ದ ಧ್ವನಿ ಪೂರ್ಣ ಮೇಳದಲ್ಲಿ ಏಕೆ ಒಡೆಯುತ್ತದೆ ಎಂಬ ಒಗಟು ಬಿಡಿಸಿದಂತೆ. ಹಳೆಯ ಪೆಟ್ಟಿಗೆ ಕೊಳ್ಳುವವರು ಈ ಒಂದು ಪರೀಕ್ಷೆಯನ್ನಂತೂ ಬಿಡಬಾರದು.

ಎಚ್ಚರಿಕೆಯ ಮಾತೊಂದು. 48 ವೋಲ್ಟ್ ಮನುಷ್ಯನಿಗೆ ಅಪಾಯಕಾರಿಯಲ್ಲದಿದ್ದರೂ ಯಂತ್ರಕ್ಕೆ ಅಪಾಯಕಾರಿ. ಫ್ಯಾಂಟಮ್ ಚಾಲೂ ಇರುವಾಗ ಕೇಬಲಿನಲ್ಲಿ ಕ್ಷಣಕಾಲ ಷಾರ್ಟ್ ಆದರೂ, ತುಂಬಿ ನಿಂತ ಕೆಪಾಸಿಟರುಗಳು ಒಮ್ಮೆಲೇ ಬರಿದಾಗಿ ವರ್ಧಕದ ಒಳಬಾಗಿಲಿಗೆ ಕೆಲವು ಆಂಪಿಯರುಗಳ ಹೊಡೆತ ಕೊಡಬಲ್ಲವು. ಆದ್ದರಿಂದ ಫ್ಯಾಂಟಮ್ ಆರಿಸಿ, ಅರ್ಧ ನಿಮಿಷ ಕಾದು, ಆಮೇಲೆ ಕೇಬಲು ಕೀಳಬೇಕು. ರಿಬ್ಬನ್ ಮೈಕು ಇಟ್ಟುಕೊಂಡವರಂತೂ ಈ ಶಿಸ್ತನ್ನು ಮಡಿಯಂತೆ ಪಾಲಿಸುವುದು ಮೇಲು. ಸರಿಯಾದ ಕೇಬಲಿನಲ್ಲಿ ಅದಕ್ಕೆ ತೊಂದರೆಯಿಲ್ಲ. ಒಂದು ತಂತಿ ತಪ್ಪಿದ ಕೇಬಲಿನಲ್ಲಿ ಅದರ ತೆಳುವಾದ ಲೋಹದ ಪಟ್ಟಿ ಹಿಗ್ಗಿ ಹಾಳಾಗಬಹುದು.

ಗುಂಯ್‌ಕಾರದ ಜಾತಕ

ಮನೆ ಸ್ಟುಡಿಯೋಗಳ ಅತಿ ದೊಡ್ಡ ದೂರು ಇದೇ. ಇದರ ಮೂಲ ಹುಡುಕಲು ಮೊದಲು ಅದರ ಸ್ವರ ಗುರುತಿಸಬೇಕು. ಭಾರತದಲ್ಲಿ ಮನೆಗೆ ಬರುವ ವಿದ್ಯುತ್ತು 230 ವೋಲ್ಟ್, 50 ಹರ್ಟ್ಸ್. ಆಡಾಸಿಟಿಯಂಥ ಉಚಿತ ತಂತ್ರಾಂಶದಲ್ಲಿ ಹತ್ತು ಸೆಕೆಂಡು ಮೌನವನ್ನು ಮುದ್ರಿಸಿ ಅದರ ಸ್ಪೆಕ್ಟ್ರಮ್ ನೋಡಿದರೆ, ಗೋಪುರ 50ರ ಮೇಲೆ ಎದ್ದಿದೆಯೋ 100ರ ಮೇಲೋ ಎಂಬುದು ಕಣ್ಣಿಗೇ ಕಾಣುತ್ತದೆ.

50 ಹರ್ಟ್ಸ್ ಮುಂದಾಗಿದ್ದರೆ ಅದು ಹೆಚ್ಚಾಗಿ ಹೊರಗಿನಿಂದ ಬಂದದ್ದು: ಪಕ್ಕದಲ್ಲಿರುವ ಟ್ರಾನ್ಸ್‌ಫಾರ್ಮರು, ಮೈಕಿನ ಕೇಬಲಿಗೆ ಸಮಾನಾಂತರವಾಗಿ ಹರಿದ ಕರೆಂಟು ತಂತಿ, ಇಲ್ಲವೇ ಅರ್ಥಿಂಗ್ ಎರಡು ದಾರಿಗಳಲ್ಲಿ ಸುತ್ತಿಕೊಂಡು ಆದ ಗ್ರೌಂಡ್ ಲೂಪ್. 100 ಹರ್ಟ್ಸ್ ಮತ್ತು ಅದರ ಗುಣಕಗಳು ಎದ್ದು ಕಂಡರೆ, ಅದೂ ಎಂಟೂ ಚಾನೆಲ್‌ಗಳಲ್ಲಿ, ಗೇನ್ ತಗ್ಗಿಸಿದರೂ ಕುಗ್ಗದೆ ಇದ್ದರೆ, ಪೆಟ್ಟಿಗೆಯ ಪವರ್ ಸಪ್ಲೈಯಲ್ಲಿರುವ ಫಿಲ್ಟರ್ ಕೆಪಾಸಿಟರುಗಳು ಒಣಗಿವೆ ಎಂದು ತಿಳಿಯಬೇಕು. ಪರ್ಯಾಯ ವಿದ್ಯುತ್ತನ್ನು ಏಕಮುಖಗೊಳಿಸಿದಾಗ ಅಲೆ ಸೆಕೆಂಡಿಗೆ ನೂರು ಬಾರಿ ಏಳುವುದರಿಂದ ಈ ಅಂಕಿ. ಸ್ವಿಚಿಂಗ್ ಮಾದರಿಯ ಸಪ್ಲೈಗಳಲ್ಲಿ ರೋಗಲಕ್ಷಣ ಇಷ್ಟು ಸ್ಪಷ್ಟವಿರದು. ಅಲ್ಲಿ ಕೀಚಲು ಸದ್ದೋ, ಹತ್ತಿ ಆರುವ ದೀಪಗಳೋ ಸುಳಿವು ಕೊಡುತ್ತವೆ.

ತಂಬೂರಿಯ ನಾದದಲ್ಲಿ ಗುಂಯ್‌ಕಾರ ಮುಚ್ಚಿಹೋದೀತೆಂದು ಸಮಾಧಾನ ಹೇಳಿಕೊಳ್ಳುವವರಿಗೆ ಒಂದು ಲೆಕ್ಕ. ಹಾರ್ಮೋನಿಯಂನ ಬಿಳಿ ಒಂದನ್ನು ಷಡ್ಜವಾಗಿಟ್ಟ ಗಾಯಕರ ಮಂದ್ರ ಪಂಚಮ ಸುಮಾರು 98 ಹರ್ಟ್ಸ್. ನೂರರ ಗುಂಯ್‌ಕಾರ ಅದಕ್ಕಿಂತ ತುಸು ಏರಿದ ಪಂಚಮ. ತಂಬೂರಿಯ ಮೊದಲ ತಂತಿಯೊಡನೆ ಅದು ಸೆಕೆಂಡಿಗೆ ಎರಡು ಸಲ ತೊನೆಯುತ್ತ, ಶ್ರುತಿ ಸೇರದ ಇನ್ನೊಂದು ತಂಬೂರಿ ಕುಳಿತಂತೆ ಕೇಳಿಸುತ್ತದೆ.

ಗ್ರೌಂಡ್ ಲೂಪ್ ಶಂಕೆ ಇದ್ದರೆ ಎಲ್ಲ ಉಪಕರಣಗಳನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ, ಒಂದೇ ಗೋಡೆ ಸಾಕೆಟ್ಟಿಗೆ ತರಬೇಕು. ಬಳಿಕ ಲ್ಯಾಪ್‌ಟಾಪನ್ನು ಚಾರ್ಜರಿನಿಂದ ಬಿಡಿಸಿ ಬ್ಯಾಟರಿಯಲ್ಲಿ ನಡೆಸಿ ನೋಡಬೇಕು. ಸದ್ದು ನಿಂತರೆ ಕಳ್ಳ ಸಿಕ್ಕಂತೆ. ಎಡ್ಯಾಟ್ ತಂತುವಿನಲ್ಲಿ ಹರಿಯುವುದು ಬೆಳಕು, ವಿದ್ಯುತ್ತಲ್ಲ. ಆ ಕೊಂಡಿಯ ಮೂಲಕ ಲೂಪ್ ಆಗುವುದೇ ಅಸಾಧ್ಯ. ಹಾಗಿದ್ದೂ ಗುಂಯ್‌ಗುಟ್ಟಿದರೆ ಸ್ಪೀಕರಿಗೋ ಹೆಡ್‌ಫೋನ್ ವರ್ಧಕಕ್ಕೋ ಹೋದ ತಾಮ್ರದ ತಂತಿಗಳತ್ತ ನೋಡಬೇಕು. ಕೆಲವು ಯಂತ್ರಗಳಲ್ಲಿ 1ನೇ ಪಿನ್ನನ್ನು ಲೋಹದ ಚೌಕಟ್ಟಿಗೆ ಜೋಡಿಸುವ ಬದಲು ಒಳಗಿನ ಸರ್ಕ್ಯೂಟ್ ಬೋರ್ಡಿಗೆ ಜೋಡಿಸಿರುತ್ತಾರೆ. ಇದರಿಂದ ಕವಚ ಹಿಡಿದ ಕಸವೆಲ್ಲ ಒಳಗೇ ಬಂದು ಬೀಳುತ್ತದೆ. ನೀಲ್ ಮನ್ಸಿ ಎಂಬ ತಜ್ಞರು 1995ರಲ್ಲಿ ಇದನ್ನು ವಿವರಿಸಿದ ಮೇಲೆ 'ಪಿನ್ 1 ಸಮಸ್ಯೆ' ಎಂಬ ಹೆಸರೇ ಬಿತ್ತು.

ಕರೆಂಟು ಹೋದಾಗ ಮಾತ್ರ ಬರುವ ಕರ್ಕಶ ಸದ್ದಿಗೆ ಪ್ರಿಆಂಪನ್ನು ದೂರುವಂತಿಲ್ಲ. ಅಗ್ಗದ ಇನ್ವರ್ಟರುಗಳು ಕೊಡುವ ಚೌಕಾಕಾರದ ಅಲೆ ಅದಕ್ಕೆ ಕಾರಣ. ಶುದ್ಧ ಸೈನ್ ಅಲೆಯ ಇನ್ವರ್ಟರಿನಲ್ಲಿ ಈ ಕಾಟ ಬಹುಮಟ್ಟಿಗೆ ಇಲ್ಲ. ಟರ್ರ್ ಟರ್ರ್ ಎಂದು ಬಿಟ್ಟು ಬಿಟ್ಟು ಬರುವ ಸದ್ದು 2ಜಿ ಜಾಲದಲ್ಲಿರುವ ಮೊಬೈಲಿನದು. ಅದರ ರವಾನೆ ಸೆಕೆಂಡಿಗೆ ಸುಮಾರು 217 ಬಾರಿ ಮಿಡಿಯುವುದೇ ಆ ಸದ್ದು. ಫೋನನ್ನು ಕೊಠಡಿಯಿಂದ ಹೊರಗಿಟ್ಟರೆ ಚಿಕಿತ್ಸೆ ಮುಗಿಯಿತು.

ಇಷ್ಟೆಲ್ಲದರ ನಡುವೆ ಒಂದು 'ಮನೆಮದ್ದು' ಬಾಯಿಂದ ಬಾಯಿಗೆ ಹರಡಿದೆ: ಪ್ಲಗ್ಗಿನ ಮೂರನೆಯ ದಪ್ಪ ಪಿನ್ನನ್ನು ಕಿತ್ತುಹಾಕುವುದು, ಅಥವಾ ಎರಡು ಪಿನ್ನಿನ ಅಡಾಪ್ಟರಿಗೆ ಸಿಕ್ಕಿಸುವುದು. ಗುಂಯ್‌ಕಾರ ನಿಲ್ಲುವುದುಂಟು. ಆದರೆ ಪೆಟ್ಟಿಗೆಯೊಳಗೆ 230 ವೋಲ್ಟಿನ ತಂತಿಯೊಂದು ಕವಚಕ್ಕೆ ತಗಲಿದ ದಿನ ಫ್ಯೂಸು ಹಾರುವುದಿಲ್ಲ. ಆ ವಿದ್ಯುತ್ತು ಕೇಬಲಿನ ಕವಚದ ಮೂಲಕ ನೇರ ಮೈಕಿನ ಲೋಹದ ಜಾಲರಿಗೆ ಬಂದು ನಿಲ್ಲುತ್ತದೆ. ಆ ಜಾಲರಿಯ ಮುಂದೆ ಹಾಡುವವರ ತುಟಿ ಇರುತ್ತದೆ. ಹಳೆಯ ಮನೆಗಳಲ್ಲಿ ಸಾಕೆಟ್ಟಿಗೆ ಮೂರು ತೂತುಗಳಿದ್ದೂ ಹಿಂದೆ ಅರ್ಥಿಂಗ್ ತಂತಿಯೇ ಇಲ್ಲದಿರುವುದು ಅಪರೂಪವಲ್ಲ. ಮೈಕು ಮುಟ್ಟಿದಾಗ ತುಟಿ ಜುಂ ಎಂದಿತೆಂದರೆ ಮುದ್ರಣ ನಿಲ್ಲಿಸಿ ಎಲೆಕ್ಟ್ರಿಷಿಯನ್ ಕರೆಸಬೇಕು. ಈ ವಿಷಯದಲ್ಲಿ ರಾಜಿಗೆ ಎಡೆಯಿಲ್ಲ.

ಸುಯ್ ಸದ್ದಿನ ತೂಕ

ಸಂಪೂರ್ಣ ಮೌನವುಳ್ಳ ವರ್ಧಕವನ್ನು ಯಾರೂ ಮಾಡಲಾರರು. ಎಲೆಕ್ಟ್ರಾನುಗಳ ಉಷ್ಣ ಚಲನೆಯಿಂದಲೇ ಪ್ರತಿ ರೆಸಿಸ್ಟರಿನಲ್ಲೂ ಒಂದು ಸುಯ್ ಸದ್ದು ಹುಟ್ಟುತ್ತದೆ ಎಂಬುದನ್ನು ಅಮೆರಿಕದ ಬೆಲ್ ಪ್ರಯೋಗಾಲಯದ ಜಾನ್ಸನ್ ಮತ್ತು ನೈಕ್ವಿಸ್ಟ್ 1928ರಲ್ಲಿ ಪ್ರಕಟಿಸಿದರು. ಸಾಮಾನ್ಯ ಡೈನಾಮಿಕ್ ಮೈಕಿಗೆ ಸಮನಾದ 150 ಓಮಿನ ರೆಸಿಸ್ಟರಿನಲ್ಲಿ, ಕಿವಿಗೆ ಕೇಳುವ 20 ಕಿಲೋಹರ್ಟ್ಸ್ ವ್ಯಾಪ್ತಿಯಲ್ಲಿ, ಇದು ಸುಮಾರು 0.22 ಮೈಕ್ರೋವೋಲ್ಟ್. 0.775 ವೋಲ್ಟನ್ನು ಸೊನ್ನೆಯಾಗಿಟ್ಟ ಡಿಬಿಯು ಮಾಪನದಲ್ಲಿ ಹೇಳುವುದಾದರೆ ಮೈನಸ್ 131. ಯಾವ ಪ್ರಿಆಂಪೂ ಈ ನೆಲದ ಕೆಳಗೆ ಇಳಿಯಲಾರದು. ಒಳ್ಳೆಯದು ಮೈನಸ್ 127ರಿಂದ 129ರ ತನಕ ಬರುತ್ತದೆ.

ಇದನ್ನು ಮನೆಯಲ್ಲೇ ಅಳೆಯಬಹುದು. ಎಕ್ಸ್‌ಎಲ್‌ಆರ್ ಪ್ಲಗ್ಗೊಂದರ 2 ಮತ್ತು 3ನೇ ಪಿನ್ನುಗಳ ನಡುವೆ 150 ಓಮಿನ ರೆಸಿಸ್ಟರನ್ನು ಬೆಸೆದು 'ಮೂಕ ಪ್ಲಗ್' ಮಾಡಿಕೊಳ್ಳಬೇಕು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಇದರ ಸಾಮಗ್ರಿ ಒಂದೇ ಅಂಗಡಿಯಲ್ಲಿ ಸಿಗುತ್ತದೆ. ಖಾಲಿ ಬಿಟ್ಟ ಕಿಂಡಿ ಸಹಜವಾಗಿಯೇ ಹೆಚ್ಚು ಸುಯ್‌ಗುಡುತ್ತದೆ. ಅದನ್ನು ಕೇಳಿ ತೀರ್ಪು ಕೊಡುವುದು ಅನ್ಯಾಯ.

ಎರಡನೆಯ ಸಾಧನ ಒಂದು ತಗ್ಗಿಸುವ ಪ್ಲಗ್. ಇಂಟರ್‌ಫೇಸಿನ ಲೈನ್ ಔಟ್‌ಪುಟ್‌ನಿಂದ ಬರುವ ಎರಡು ತಂತಿಗಳಿಗೂ ತಲಾ 7.5 ಕಿಲೋ ಓಮಿನ ರೆಸಿಸ್ಟರ್, ಅವುಗಳ ಕೊನೆಯಲ್ಲಿ 2 ಮತ್ತು 3ನೇ ಪಿನ್ನುಗಳಿಗೆ ಅಡ್ಡವಾಗಿ 150 ಓಮ್. ಬಂದ ಸಂಕೇತ ಸರಿಸುಮಾರು ನೂರನೆಯ ಒಂದು ಪಾಲಾಗುತ್ತದೆ, ಅಂದರೆ 40 ಡೆಸಿಬೆಲ್ ತಗ್ಗುತ್ತದೆ. ಇದನ್ನು ಸಿಕ್ಕಿಸುವಾಗ ಫ್ಯಾಂಟಮ್ ಆರಿರಲೇಬೇಕು, ಇಲ್ಲವಾದರೆ 48 ವೋಲ್ಟ್ ಹಿಮ್ಮುಖವಾಗಿ ಇಂಟರ್‌ಫೇಸಿಗೆ ಹರಿಯುತ್ತದೆ.

ವಿಧಾನ ಹೀಗಿದೆ. ಗಣಕದಿಂದ 200 ಹರ್ಟ್ಸಿನ ಶುದ್ಧ ಸ್ವರ ನುಡಿಸಿ, ಲೈನ್ ಔಟ್‌ಪುಟ್‌ನಲ್ಲಿ ಮೀಟರು 0.775 ವೋಲ್ಟ್ ತೋರುವಂತೆ ಹೊಂದಿಸಬೇಕು. ಅತಿ ಅಗ್ಗದ ಹಳದಿ ಮೀಟರುಗಳಲ್ಲಿ ಎ.ಸಿ. ಅಳತೆ 200 ವೋಲ್ಟಿನ ಶ್ರೇಣಿಯಿಂದಲೇ ಶುರುವಾಗುವುದರಿಂದ ಅವು ಈ ಕೆಲಸಕ್ಕೆ ಬಾರವು. 2 ವೋಲ್ಟಿನ ಎ.ಸಿ. ಶ್ರೇಣಿಯುಳ್ಳ ಮೀಟರು ಬೇಕು. ಬಳಿಕ ತಂತ್ರಾಂಶದಲ್ಲೇ ಸ್ವರವನ್ನು ನಿಖರವಾಗಿ 20 ಡೆಸಿಬೆಲ್ ತಗ್ಗಿಸಿ, ತಗ್ಗಿಸುವ ಪ್ಲಗ್ಗಿನ ಮೂಲಕ ಪ್ರಿಆಂಪಿಗೆ ಕೊಟ್ಟರೆ, ಒಳಹೋಗುವುದು ಮೈನಸ್ 60 ಡಿಬಿಯು. ಗೇನನ್ನು ಬಹುತೇಕ ತುದಿಗೆ ಏರಿಸಿ ಮುದ್ರಿಸಬೇಕು. ತಿರುಪನ್ನು ಮುಟ್ಟದೆ ಪ್ಲಗ್ ಬದಲಿಸಿ, ಮೂಕ ಪ್ಲಗ್ಗಿನೊಡನೆ ಇನ್ನೊಮ್ಮೆ ಮುದ್ರಿಸಬೇಕು. ಎರಡೂ ತುಣುಕುಗಳ ಆರ್‌ಎಂಎಸ್ ಮಟ್ಟ ನೋಡಿ ವ್ಯತ್ಯಾಸ ತೆಗೆಯಬೇಕು. ವ್ಯತ್ಯಾಸ 66 ಡೆಸಿಬೆಲ್ ಎಂದಾದರೆ, 60ಕ್ಕೆ ಅದನ್ನು ಕೂಡಿಸಿ, ಪ್ರಿಆಂಪಿನ ಸ್ವಂತ ಸದ್ದು ಮೈನಸ್ 126 ಡಿಬಿಯು. ಶಿಖರದ ಮಟ್ಟ ನೋಡಿದವರಿಗೆ ಹತ್ತು ಹನ್ನೆರಡು ಡೆಸಿಬೆಲ್ ಕೆಟ್ಟ ಫಲಿತಾಂಶ ಸಿಗುತ್ತದೆ. ಸುಯ್ ಸದ್ದನ್ನು ಶಿಖರದಿಂದ ತೂಗುವಂತಿಲ್ಲ.

ಈ ಅಂಕಿಯ ಒಂದೆರಡು ಡೆಸಿಬೆಲ್ ಹೆಚ್ಚು ಕಡಿಮೆಗೆ ತಲೆ ಕೆಡಿಸಿಕೊಳ್ಳುವುದು ವ್ಯರ್ಥ. ಎಂಟು ಚಾನೆಲ್‌ಗಳ ನಡುವಿನ ಹೋಲಿಕೆಯೇ ಮುಖ್ಯ. ಏಳು ಚಾನೆಲ್‌ಗಳು 126ರ ಬಳಿ ನಿಂತು, ಒಂದು ಮಾತ್ರ 115ಕ್ಕೆ ಬಂದಿದ್ದರೆ ರೋಗಿ ಯಾರೆಂದು ಸ್ಪಷ್ಟ. ಮೂಕ ಪ್ಲಗ್ ಇಟ್ಟುಕೊಂಡೇ ಫ್ಯಾಂಟಮ್ ಹಾಕಿ ನೋಡಬೇಕು. ಎರಡೂ ಪಿನ್ನುಗಳಲ್ಲಿ ಸಮ ವೋಲ್ಟೇಜ್ ಇರುವುದರಿಂದ ರೆಸಿಸ್ಟರಿಗೆ ಅಪಾಯವಿಲ್ಲ. ಫ್ಯಾಂಟಮ್ ಹಾಕಿದೊಡನೆ ಸದ್ದು ಹೆಚ್ಚಿ ಗೊರಗೊರ ಎನ್ನತೊಡಗಿದರೆ ತಡೆ ಕೆಪಾಸಿಟರು ಸೋರುತ್ತಿದೆ. ಗೇನ್ ತಿರುಪು ತಿರುಗಿಸುವಾಗಿನ ಗರಗರಕ್ಕೂ ಕೆಲವೊಮ್ಮೆ ತಿರುಪಿನ ಧೂಳಲ್ಲ, ಹೀಗೆ ಸೋರಿಬಂದ ಏಕಮುಖ ವಿದ್ಯುತ್ತೇ ಕಾರಣ. ಕ್ಲೀನರ್ ಸಿಂಪಡಿಸಿದರೂ ವಾರದಲ್ಲಿ ಗರಗರ ಮರಳಿದರೆ ಈ ದಿಕ್ಕಿನಲ್ಲಿ ಯೋಚಿಸಬೇಕು.

ಮೂಕ ಪ್ಲಗ್ಗಿನಲ್ಲಿ ಎಲ್ಲ ಸರಿಯಾಗಿದ್ದು, ಕಂಡೆನ್ಸರ್ ಮೈಕಿನಲ್ಲಿ ಮಾತ್ರ ಸುಯ್ ಎಂದರೆ ಪ್ರಿಆಂಪ್ ನಿರಪರಾಧಿ. ಸಾಧಾರಣ ಕಂಡೆನ್ಸರ್ ಮೈಕಿನ ಸ್ವಂತ ಸದ್ದೇ ಪ್ರಿಆಂಪಿನದಕ್ಕಿಂತ ಹತ್ತಾರು ಡೆಸಿಬೆಲ್ ಮೇಲಿರುತ್ತದೆ. ಅದಕ್ಕೂ ಮೇಲೆ ಕೊಠಡಿಯ ಫ್ಯಾನು, ಅಡುಗೆಮನೆಯ ಫ್ರಿಜ್ಜು, ಬೀದಿಯ ಆಟೋ. ದುಬಾರಿ ಪ್ರಿಆಂಪ್ ತಂದು ಫ್ಯಾನಿನ ಸದ್ದನ್ನು ಮತ್ತಷ್ಟು ಸ್ಪಷ್ಟವಾಗಿ ಮುದ್ರಿಸಿದವರು ಕಡಿಮೆಯೇನಲ್ಲ!

ಟಿಕ್ ಟಿಕ್ ಎಂದರೆ

ನಡುನಡುವೆ ಟಿಕ್ ಟಿಕ್ ಎಂಬ ಚೂಪಾದ ಸದ್ದು ಎಲ್ಲ ಚಾನೆಲ್‌ಗಳಲ್ಲೂ ಒಂದೇ ಕ್ಷಣಕ್ಕೆ ಬಿದ್ದರೆ ಅದು ಗಡಿಯಾರದ ಜಗಳ. ಪ್ರಿಆಂಪಿನ ಪರಿವರ್ತಕವೂ ಇಂಟರ್‌ಫೇಸೂ ಒಂದೇ ತಾಳಕ್ಕೆ ನಡೆಯಬೇಕು. ಒಂದನ್ನು ಯಜಮಾನನಾಗಿಯೂ ಇನ್ನೊಂದನ್ನು ಅನುಚರನಾಗಿಯೂ ಹೊಂದಿಸಬೇಕು. ಇಬ್ಬರೂ ಯಜಮಾನರಾದರೆ ಟಿಕ್ ಟಿಕ್ ಖಾತ್ರಿ. ಮುದ್ರಿಕೆಯ ಶ್ರುತಿಯೇ ಸುಮಾರು ಒಂದೂವರೆ ಸ್ವರಸ್ಥಾನ ಇಳಿದು ಕೇಳಿಸಿದರೆ, 48 ಕಿಲೋಹರ್ಟ್ಸಿನ ದತ್ತಾಂಶವನ್ನು 44.1ರಲ್ಲಿ ಓದಲಾಗುತ್ತಿದೆ. ಬೆಳಕಿನ ತಂತುವಿನ ತುದಿಯ ರಕ್ಷಣಾ ಟೋಪಿ ತೆಗೆಯಲು ಮರೆತು ಪೇಚಾಡಿದವರೂ ಇದ್ದಾರೆ.

ಮುಚ್ಚಳ ತೆಗೆಯುವ ಮುನ್ನ

ಒಂದೇ ಅಂಗುಲ ಮುಕ್ಕಾಲು ಎತ್ತರದ ಪೆಟ್ಟಿಗೆಯಲ್ಲಿ ಎಂಟು ವರ್ಧಕಗಳು, ಪರಿವರ್ತಕಗಳು, ಪವರ್ ಸಪ್ಲೈ ಎಲ್ಲವನ್ನೂ ತುರುಕಿದಾಗ ಬಿಸಿ ಏರುವುದು ಅನಿವಾರ್ಯ. ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳ ಆಯುಸ್ಸು ಪ್ರತಿ 10 ಡಿಗ್ರಿ ಸೆಲ್ಸಿಯಸ್ ಏರಿಕೆಗೆ ಅರ್ಧಕ್ಕೆ ಇಳಿಯುತ್ತದೆ ಎಂಬುದು ಆ ಕ್ಷೇತ್ರದ ಹಳೆಯ ಅಂದಾಜು. ರ‍್ಯಾಕಿನಲ್ಲಿ ಪೆಟ್ಟಿಗೆಯ ಮೇಲೆ ಒಂದು ಮನೆ ಖಾಲಿ ಬಿಡುವುದು ಪುಕ್ಕಟೆ ಆಯುಷ್ಯವರ್ಧನೆ. ಮೊದಲ ಅರ್ಧ ಗಂಟೆ ಸುಖವಾಗಿ ನಡೆದು ಬಳಿಕ ಒಂದೊಂದೇ ಚಾನೆಲ್ ಮಾಯವಾಗುವ ರೋಗಕ್ಕೆ ಈ ಬಿಸಿಯೇ ಮೂಲ. ಬೆಸುಗೆಯ ಬಿರುಕುಗಳು, ಬೋರ್ಡುಗಳ ನಡುವಿನ ಚಪ್ಪಟೆ ಕೇಬಲಿನ ಸಡಿಲ ಕೊಂಡಿಗಳು ಬಿಸಿಗೆ ಹಿಗ್ಗಿ ಬಾಯಿಬಿಡುತ್ತವೆ. ಆದ್ದರಿಂದ ಪರೀಕ್ಷೆ ಐದು ನಿಮಿಷದ್ದಾದರೆ ಸಾಲದು: ಫ್ಯಾಂಟಮ್ ಹಾಕಿ, ಎಂಟೂ ಚಾನೆಲ್ ಮುದ್ರಿಸುತ್ತ, ಕಛೇರಿಯಷ್ಟೇ ಹೊತ್ತು ಓಡಿಸಬೇಕು. ಕರಾವಳಿಯ ತೇವದ ಹವೆಯಲ್ಲಿ ಎಕ್ಸ್‌ಎಲ್‌ಆರ್ ಕಿಂಡಿಗಳೂ ಕಂದುತ್ತವೆ. ಪ್ಲಗ್ಗನ್ನು ಹತ್ತು ಬಾರಿ ಸಿಕ್ಕಿಸಿ ತೆಗೆದರೆ ಸಂಪರ್ಕ ಮರಳುವುದುಂಟು.

ಚಪ್ಪಟೆ ಕೇಬಲನ್ನು ಬಿಡಿಸಿ ಮತ್ತೆ ಒತ್ತಿ ಕೂರಿಸುವುದು, ಗೇನ್ ತಿರುಪಿಗೆ ಕಾಂಟ್ಯಾಕ್ಟ್ ಕ್ಲೀನರ್ ಹಾಕುವುದು ಹವ್ಯಾಸಿಯ ಕೈಗೆಟುಕುವ ಕೆಲಸ. ಪವರ್ ಸಪ್ಲೈ ಮಾತು ಬೇರೆ. ಸ್ವಿಚಿಂಗ್ ಸಪ್ಲೈಯ ಮುಖ್ಯ ಕೆಪಾಸಿಟರಿನಲ್ಲಿ ಸುಮಾರು 325 ವೋಲ್ಟ್ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಕೆಲಕಾಲ ಉಳಿದಿರುತ್ತದೆ. ಅದನ್ನು ತಿಳಿದವರಿಗೆ ಬಿಡಬೇಕು. ಕೆಪಾಸಿಟರುಗಳ ಬದಲಾವಣೆ ಸಾಮಾನ್ಯವಾಗಿ ದುಬಾರಿಯಲ್ಲ. ಪರಿವರ್ತಕ ಚಿಪ್ಪು ಸುಟ್ಟಿದ್ದರೆ ಮಾತ್ರ, ಹಳೆಯ ಪೆಟ್ಟಿಗೆಯ ಬೆಲೆಗೂ ದುರಸ್ತಿಯ ಕೂಲಿಗೂ ತಾಳೆ ಹಾಕಿ ನೋಡಬೇಕಾಗುತ್ತದೆ. ಹಲವರು ಆ ಚಾನೆಲ್ಲಿನ ಕಿಂಡಿಗೆ ಕೆಂಪು ಟೇಪು ಅಂಟಿಸಿ, ಉಳಿದವುಗಳಲ್ಲಿ ವರ್ಷಗಟ್ಟಲೆ ಕೆಲಸ ನಡೆಸುತ್ತಾರೆ. ಘಟದವರು ಬಂದ ದಿನ ಮಾತ್ರ ಕೊಠಡಿಯ ಮೈಕಿಗೆ ಕತ್ತರಿ ಬೀಳುತ್ತದೆ.